ಬೇಕೆಂದೇ ಉದ್ದ ಮಾಡಿದ ದಾರಿ

ದಾರಿ ಕಟ್ಟುವವರು ಅದನ್ನು ಹತ್ತಿರ ಮಾಡಲು ನೋಡುತ್ತಾರೆ, ಅಲ್ವಾ? ಪುಣೆ ಜಿಲ್ಲೆಯ ಭೀಮಾಶಂಕರದ ಉತ್ತರಕ್ಕೆ, ಆಹುಪೆ ಕಡೆಯ ಒಂದು ಪುಟ್ಟ ವಾಡಿಯಲ್ಲಿ ಊರವರು ಸೇರಿ ಚಾರಣದ ದಾರಿ ಕಟ್ಟುತ್ತಿದ್ದಾರೆ, ಶ್ರಮದಾನಕ್ಕೆ ಜನ ಬೇಕು ಎಂದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಹೋಗಿ ನೋಡಿದರೆ ನೆಟ್ಟಗೆ ಹೋಗುತ್ತಿದ್ದ ಹಳೆಯ ಕಾಲುದಾರಿಗೆ ಮುಳ್ಳು ಹೊದಿಸಿ ಮುಚ್ಚಿದ್ದರು. ಗುಡ್ಡವನ್ನು ಬಳಸಿಕೊಂಡು, ಮೇಲಿನ ಮನೆಗಳನ್ನೆಲ್ಲ ಮುಟ್ಟಿಕೊಂಡು ಹೋಗುವ ಹೊಸ ದಾರಿಯನ್ನು ಕಡಿಯುತ್ತಿದ್ದರು. ಹಳೆಯದಕ್ಕಿಂತ ಇದು ಸುಮಾರು ಎರಡು ಪಟ್ಟು ಉದ್ದ.

ನಾವು ಹೊರಟಿದ್ದು ಏಪ್ರಿಲ್ ಕೊನೆಯಲ್ಲಿ. ಪುಣೆಯ ಕನ್ನಡದವರು ಒಂದು ಜೀಪಿನಷ್ಟು ಜನ. ನಮ್ಮಲ್ಲಿ ಹಿರಿಯರು ನಮ್ಮ ಸೊಸೈಟಿಯ ಕಾಕಾ. ವಿಜಯಪುರದವರು, ನೀರಾವರಿ ಕೆಲಸದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾಸಿಕ್ ರಸ್ತೆಯಲ್ಲಿ ಮಂಚರ್‌ವರೆಗೆ ಹೇಳುವಂಥದ್ದೇನಿಲ್ಲ. ಲಾರಿ, ಈರುಳ್ಳಿ, ಬಿಸಿಲು. ಘೋಡೆಗಾಂವ್ ದಾಟಿ ಡಿಂಭೆ ಅಣೆಕಟ್ಟಿನ ಹಿನ್ನೀರು ಕಂಡ ಮೇಲೆ ಸಹ್ಯಾದ್ರಿ ಹತ್ತಿರ ಬಂದಂತಾಯಿತು. ಈ ಜಲಾಶಯಕ್ಕೆ ಹುತಾತ್ಮ ಬಾಬು ಗೇನು ಅವರ ಹೆಸರಿದೆ. 1930ರಲ್ಲಿ ಮುಂಬಯಿಯಲ್ಲಿ ವಿದೇಶಿ ಬಟ್ಟೆಯ ಲಾರಿಗೆ ಅಡ್ಡ ನಿಂತು ಪ್ರಾಣ ಕೊಟ್ಟವರು. ಇದೇ ಆಂಬೇಗಾಂವ್ ತಾಲ್ಲೂಕಿನವರು.

ಮಾಳೀಣ್ ಊರು ಇರುವುದೂ ಈ ಕಡೆಯೇ. 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಜರಿದು 150ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಸ್ಮಾರಕದ ಹತ್ತಿರ ಜೀಪು ನಿಲ್ಲಿಸಿದೆವು. ಕಾಕಾ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಬಹಳ ಹೊತ್ತು ಎದುರಿನ ಇಳಿಜಾರನ್ನೇ ನೋಡುತ್ತಿದ್ದರು. "ಮಳಿ ಜೋರು ಬಂದಾಗ ಮಣ್ಣು ನೀರು ಕುಡದು ಭಾರ ಆಗ್ತದ, ತಂಗೀ. ನೀರಿಗಿ ಹೋಗ್ಲಿಕ್ಕೆ ದಾರಿ ಸಿಗ್ಲಿಲ್ಲಂದ್ರ ಗುಡ್ಡಾನ ಇಳದು ಬರ್ತದ" ಎಂದರು. ಇಳಿಜಾರಿನಲ್ಲಿ ಗುದ್ದಲಿ ಹಾಕಲು ಹೊರಟಿದ್ದ ನಮಗೆ ಆ ಮಾತು ಕೆಲಸ ಮುಗಿಯುವವರೆಗೂ ತಲೆಯಲ್ಲಿತ್ತು.

ವಾಡಿ ಇರುವುದು ಘಟ್ಟದ ಅಂಚಿಗೆ. ಒಂದು ಕಡೆ ಭತ್ತದ ಗದ್ದೆಗಳು, ಇನ್ನೊಂದು ಕಡೆ ನೆಲವೇ ಮುಗಿದು ಕೆಳಗೆ ಕೊಂಕಣ. ಬೆಳಗಿನ ಹೊತ್ತು ಗೋರಖಗಡ, ಮಚ್ಛಿಂದ್ರಗಡದ ಚೂಪು ಶಿಖರಗಳು ಕಾಲ ಕೆಳಗೆ ಕಾಣುತ್ತವೆ. ಇಲ್ಲಿನವರು ಹೆಚ್ಚಾಗಿ ಮಹಾದೇವ ಕೋಳಿ ಸಮುದಾಯದವರು. ಭತ್ತ, ರಾಗಿ ಬೆಳೆಯುತ್ತಾರೆ, ಕಾಡಿನಿಂದ ಹಿರಡಾ ಆರಿಸುತ್ತಾರೆ. ನಮ್ಮ ಶಿರಸಿ ಕಡೆಯ ಅಳಲೆಕಾಯಿಯೇ ಇದು. ಇನ್ನೂ ಎಳೆಯದಾಗಿರುವಾಗ ಕಿತ್ತು ಒಣಗಿಸಿ ಮಾರಿದರೆ ವರ್ಷದ ನಗದು ಕೈಗೆ ಬರುತ್ತದೆ. ಅಂಗಳ ಅಂಗಳದಲ್ಲೂ ಅದನ್ನೇ ಹರಡಿದ್ದರು. ಆ ಒಗರು ವಾಸನೆಗೆ ನನಗೆ ಊರೇ ನೆನಪಾಯಿತು.

ಮೊದಲ ದಿನವೇ ಕಾಕಾ ತಕರಾರು ತೆಗೆದರು. ಹಳೆಯ ದಾರಿ ನೆಟ್ಟಗಿದೆ, ಅದಕ್ಕೇ ಕಲ್ಲು ಹಾಸಿದರೆ ಕೆಲಸ ಅರ್ಧ ಕಡಿಮೆ ಎಂಬುದು ಅವರ ವಾದ. ಆಗ ಮುಂದೆ ಬಂದವರು ಒಬ್ಬ ಮಾವಶಿ. ಅರವತ್ತು ದಾಟಿದ ಹೆಂಗಸು, ಮೊಣಕಾಲಿನವರೆಗೆ ಕಚ್ಚೆ ಸೀರೆ, ಕೈಯಲ್ಲಿ ಕುಡುಗೋಲು. ಅವರ ಮರಾಠಿಯನ್ನು ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ದಾರಿ ದೇವರಾಯಿ ಒಳಗೆ ಹೋಗುತ್ತೆ" ಎಂದರು. ದೇವರಾಯಿ ಅಂದರೆ ನಮ್ಮ ದೇವರಕಾಡು. "ಅಲ್ಲಿ ಒಣಗಿದ ಪುಳ್ಳೆಯನ್ನೂ ನಾವು ಎತ್ತುವುದಿಲ್ಲ. ಹೋದ ವರ್ಷ ಪಟ್ಟಣದ ಹುಡುಗರು ದೇವರ ಕಲ್ಲಿನ ಮೇಲೆ ಕೂತು ಊಟ ಮಾಡಿದರು. ಹಾಡು ಹಾಕಿದ್ದರು. ಯಾರೂ ಹೇಳಿರಲಿಲ್ಲ ಅಂದರು. ಹೌದು, ದಾರಿಯೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಅದಕ್ಕೇ ದಾರಿಯನ್ನೇ ತಿರುಗಿಸೋಣ ಅಂತ ಗ್ರಾಮಸಭೆಯಲ್ಲಿ ಹೇಳಿದೆವು."

"ಸರಿ, ಕಾಡು ಬಿಟ್ಟು ಆಚೆಯಿಂದ ಹೋಗಲಿ. ಆದರೆ ಮೇಲಿನ ಮನೆಗಳ ತನಕ ಯಾಕೆ?" ಎಂದು ನಾನು ಕೇಳಿದೆ.

ಮಾವಶಿ ಕೂತುಕೊಂಡರು. ನಾವೂ ಕೂತೆವು. ಆ ಬೆಳಿಗ್ಗೆ ಕೆಲಸ ಮುಂದೆ ಹೋಗಲೇ ಇಲ್ಲ.

"ರಸ್ತೆ ಹತ್ತಿರದ ಮನೆಗಳಿಗೆ ಜನ ತಾವಾಗಿಯೇ ಬರುತ್ತಾರೆ. ಚಹಾ ಕುಡಿಯುತ್ತಾರೆ, ಊಟ ಮಾಡುತ್ತಾರೆ, ಮಲಗುತ್ತಾರೆ. ಮೇಲೆ ಒಬ್ಬರೂ ಬರುವುದಿಲ್ಲ. ಎರಡು ವರ್ಷದಲ್ಲಿ ಕೆಳಗಿನವರು ಸ್ಲ್ಯಾಬ್ ಮನೆ ಕಟ್ಟಿದರು, ಮೇಲಿನವರು ಮಾತು ಬಿಟ್ಟರು. ಮದುವೆಗೂ ಹೋಗದಷ್ಟು. ಈಗ ದಾರಿ ಎಲ್ಲರ ಅಂಗಳದ ಹತ್ತಿರ ಹೋಗುತ್ತೆ. ಅಡುಗೆ ಪಾಳಿಯ ಮೇಲೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಇಷ್ಟದ ಮನೆ ಆರಿಸುವುದಕ್ಕೆ ಬಂದವರಿಗೆ ಬಿಡುವುದಿಲ್ಲ."

ನೀರಿನ ಮಾತೂ ಬಂತು. ಮೇ ತಿಂಗಳಲ್ಲಿ ಇಡೀ ವಾಡಿಗೆ ಒಂದೇ ಝರಿ. ಹಳೆಯ ದಾರಿ ಅದರ ಪಕ್ಕದಲ್ಲೇ ಹೋಗುತ್ತಿತ್ತು. ಬಂದವರು ಮುಖ ತೊಳೆದು, ಕಾಲು ತೊಳೆದು, ಸಾಬೂನು ಹಚ್ಚಿ ಹೋಗುತ್ತಿದ್ದರು. ಅದಕ್ಕೆ ಹೊಸ ದಾರಿಯಿಂದ ಝರಿ ಕಾಣುವುದೇ ಇಲ್ಲ. ಭತ್ತದ ನಾಟಿ ನಡೆಯುವ ಜುಲೈನಲ್ಲಿ ಯಾರನ್ನೂ ಇರಿಸಿಕೊಳ್ಳುವುದಿಲ್ಲ ಎಂಬ ನಿಯಮವನ್ನೂ ಅವರೇ ಮಾಡಿದ್ದಾರೆ. ಪುಣೆ, ಮುಂಬಯಿಯ ಜನ ಮಳೆ ನೋಡಲು ಮುಗಿಬೀಳುವ ತಿಂಗಳು ಅದು. ದುಡ್ಡು ಬರುವ ತಿಂಗಳೇ ಬಾಗಿಲು ಹಾಕುವುದಾ ಎಂದು ನಮ್ಮಲ್ಲೊಬ್ಬರು ಕೇಳಿದರು. "ಗದ್ದೆ ಯಾರು ನೆಡಬೇಕು?" ಎಂದರು ಮಾವಶಿ.

ಅವರ ಮಗ ಚಾಕಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾನೆ. ಈ ದಾರಿ ಆದ ಮೇಲೆ ಊರಿಗೆ ವಾಪಸ್ ಬರಬಹುದಾ ಎಂದು ಕೇಳಿದೆ. ನಾನು ಕೇಳಬೇಕೆಂದಿದ್ದ ಉತ್ತರ ಅವರು ಕೊಡಲಿಲ್ಲ. "ಅವನು ಬರ್ತಾನೆ ಅಂತ ನಾನು ಅಂದಿಲ್ಲ. ಅವನ ಹತ್ತಿರ ಕೈ ಚಾಚದೆ ನಾನು ಇಲ್ಲಿ ಇರಬಹುದು. ನನಗೆ ಅಷ್ಟು ಬೇಕು" ಎಂದರು. ಗ್ರಾಮೀಣ ಪ್ರವಾಸೋದ್ಯಮದ ಬಗ್ಗೆ ನಾನು ಓದಿದ ದೊಡ್ಡ ಮಾತುಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಯಾವುದೂ ನೆನಪಾಗಲಿಲ್ಲ.

ಮಧ್ಯಾಹ್ನ ಕಾಕಾ ಟ್ಯೂಬ್ ಲೆವೆಲ್ ತೆಗೆದರು. ನೀರು ತುಂಬಿದ ಪಾರದರ್ಶಕ ಪೈಪು, ಎರಡು ಕೋಲು, ಅಷ್ಟೇ. ಎರಡೂ ದಾರಿಗಳ ಏರು ಅಳೆದರು. ಹಳೆಯದು ಗುಡ್ಡದ ಇಳಿಜಾರಿನ ನೇರಕ್ಕೇ ಇಳಿಯುತ್ತಿತ್ತು. ಅಂಥ ದಾರಿಗೆ ಬಿದ್ದ ಮಳೆನೀರಿಗೆ ಬದಿಗೆ ಹೋಗಲು ಜಾಗವೇ ಇಲ್ಲ. ದಾರಿಯೇ ಹಳ್ಳವಾಗುತ್ತದೆ. ಮೊಣಕಾಲುದ್ದ ಕೊರೆದು ಹೋಗಿದ್ದು ಅದಕ್ಕೇ. ಹೊಸದು ಇಳಿಜಾರಿಗೆ ಅಡ್ಡಲಾಗಿ, ಹತ್ತು ಮೀಟರ್ ನಡೆದರೆ ಸುಮಾರು ಒಂದು ಮೀಟರ್ ಏರುವಂತಿತ್ತು. ಪಕ್ಕದ ಗುಡ್ಡದ ಇಳಿಜಾರಿಗಿಂತ ದಾರಿಯ ಏರು ಅರ್ಧಕ್ಕೂ ಕಡಿಮೆ ಇದ್ದರೆ ನೀರು ದಾರಿ ಹಿಡಿದು ಹರಿಯದೆ ದಾಟಿ ಹೋಗುತ್ತದೆ ಎಂದು ಕಾಕಾ ವಿವರಿಸಿದರು. ಆಮೇಲೆ ಮಾವಶಿಯ ಹತ್ತಿರ ಹೋಗಿ ಮರಾಠಿಯಲ್ಲೇ, "ತಾಯಿ, ನಿಮ್ಮ ದಾರಿಯೇ ಸರಿ" ಎಂದರು.

ಅಲ್ಲಿಂದ ಕೆಲಸ ಓಡಿತು. ದಾರಿಯ ಮೈಯನ್ನು ಹೊರಬದಿಗೆ ಸ್ವಲ್ಪ ವಾಲಿಸಿದೆವು. ಅಲ್ಲಲ್ಲಿ ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹೂತೆವು, ಇಳಿದು ಬರುವ ನೀರನ್ನು ತಡೆದು ಹೊರಗೆ ತಳ್ಳಲು. ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಇರಬೇಕು, ಇಲ್ಲದಿದ್ದರೆ ಒಂದು ದನ ಕಾಲಿಟ್ಟರೂ ಕಿತ್ತು ಬರುತ್ತದೆ. ಕಡಿದಾದ ಕಡೆ ಮೆಟ್ಟಿಲು, ಸಿಮೆಂಟ್ ಇಲ್ಲದೆ, ಕರಿಕಲ್ಲನ್ನು ಕಲ್ಲಿಗೆ ಕಚ್ಚಿಸಿ. ಊರಿನ ಗಂಡಸರಿಬ್ಬರು ಈ ಕೆಲಸದಲ್ಲಿ ಎಷ್ಟು ಪಳಗಿದ್ದರೆಂದರೆ ಸುತ್ತಿಗೆಯ ಒಂದೇ ಪೆಟ್ಟಿಗೆ ಕಲ್ಲಿನ ಮುಖ ಸರಿಹೋಗುತ್ತಿತ್ತು. ತಿರುವುಗಳಲ್ಲಿ ಜನ ಅಡ್ಡದಾರಿ ಹಿಡಿಯದಂತೆ ಕವಳಿ ಮುಳ್ಳು ಹೊದಿಸಿದೆವು. ಹಣ್ಣು ತಿನ್ನುತ್ತಲೇ.

ಸಿಮೆಂಟ್ ಮೆಟ್ಟಿಲು, ಸ್ಟೀಲ್ ಕಂಬಿ ಹಾಕಿದ ಬೆಟ್ಟಗಳು ನನಗೆ ಇಷ್ಟವಾಗುವುದಿಲ್ಲ. ಸಿಮೆಂಟಿನ ಅಡಿಯ ಮಣ್ಣು ಮಳೆಗೆ ಕೊಚ್ಚಿಹೋದರೆ ಇಡೀ ಮೆಟ್ಟಿಲು ಬಾಯಿ ತೆರೆದು ನಿಲ್ಲುತ್ತದೆ, ರಿಪೇರಿಗೆ ಗುತ್ತಿಗೆದಾರ ಬರಬೇಕು. ಒಣಕಲ್ಲಿನ ಮೆಟ್ಟಿಲನ್ನು ಊರವರೇ ಅರ್ಧ ದಿನದಲ್ಲಿ ಸರಿಮಾಡುತ್ತಾರೆ. ಪಕ್ಕದ ಜುನ್ನರ ತಾಲ್ಲೂಕಿನ ನಾಣೇಘಾಟ್ ನೋಡಿ. ಶಾತವಾಹನರ ಕಾಲದ ವ್ಯಾಪಾರದ ದಾರಿ, ರಾಣಿ ನಾಗನಿಕೆಯ ಶಾಸನ ಅಲ್ಲಿನ ಗುಹೆಯಲ್ಲಿದೆ. ಕಲ್ಲು ಹಾಸಿದ ಆ ಘಟ್ಟದಲ್ಲಿ ಇವತ್ತಿಗೂ ಜನ ಹತ್ತಿ ಇಳಿಯುತ್ತಾರೆ.

ಊಟದ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಬಿಸಿ ರಾಗಿ ಭಾಕರಿ, ಕಡಲೆಹಿಟ್ಟಿನ ಪಿಠಲೆ, ಹಸಿಮೆಣಸಿನ ಠೇಚಾ, ಗದ್ದೆಯದೇ ಅಕ್ಕಿಯ ಅನ್ನ. ಕೆಲವು ಚಾರಣದ ಗುಂಪಿನವರು ಇಲ್ಲಿಗೂ ಬಂದು ಪನೀರ್ ಮಾಡಿ ಎನ್ನುತ್ತಾರಂತೆ. ಪನೀರ್ ಪುಣೆಯ ಬೀದಿ ಬೀದಿಯಲ್ಲಿ ಸಿಗುತ್ತದೆ, ಇಂಥ ಪಿಠಲೆ ಸಿಗುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಇನ್ನೂ ಸಿಟ್ಟಿದೆ. ಕೊನೆಯ ಮಧ್ಯಾಹ್ನ ನಾವು ಕೆಲವರು ಘಟ್ಟ ಇಳಿಯಲು ಹೋದೆವು. ಮೊಬೈಲಿನಲ್ಲಿ ಯಾರೋ ಹಂಚಿದ್ದ ಜಿಪಿಎಸ್ ಟ್ರ್ಯಾಕ್ ಇತ್ತು, "ಸುಲಭ" ಎಂದು ಬರೆದಿದ್ದರು. ಅದು ನಮ್ಮನ್ನು ಒಣಗಿದ ಹಳ್ಳದ ತಲೆಗೆ ತಂದು ನಿಲ್ಲಿಸಿತು. ಮುಂದೆ ನೆಟ್ಟಗೆ ಪ್ರಪಾತ. ಜತೆಗಿದ್ದ ಹುಡುಗಿಯ ಕಾಲು ಉಳುಕಿತು, ನೀರು ಮುಗಿದಿತ್ತು, ನೆಟ್‌ವರ್ಕ್ ಇಲ್ಲ. ಕತ್ತಲಾಗುವ ಮುಂಚೆ ದನ ಹುಡುಕಿಕೊಂಡು ಬಂದ ಒಬ್ಬರು ನಮ್ಮನ್ನು ಕಂಡರು. ಆ ಟ್ರ್ಯಾಕ್ ಮಳೆಗಾಲದಲ್ಲಿ ಹಗ್ಗ ಕಟ್ಟಿ ಜಲಪಾತ ಇಳಿಯುವವರದ್ದು ಎಂದು ಆಮೇಲೆ ತಿಳಿಯಿತು. ಹಂಚುವವರು ಅಷ್ಟಾದರೂ ಬರೆಯಬಾರದೇ? ಘಟ್ಟ ಇಳಿಯುವುದಿದ್ದರೆ ವಾಡಿಯಿಂದಲೇ ಒಬ್ಬರನ್ನು ಕರೆದುಕೊಂಡು ಹೋಗಿ, ದಿನದ ಕೂಲಿ ಪೂರ್ತಿ ಕೊಡಿ. ನಗದು ಇಟ್ಟುಕೊಳ್ಳಿ, ಫೋನಿನಲ್ಲಿ ಪಾವತಿ ಆಗುವುದಿಲ್ಲ. ಪೆಟ್ರೋಲ್ ಘೋಡೆಗಾಂವ್‌ನಲ್ಲೇ ತುಂಬಿಸಿಕೊಳ್ಳಿ.

ಇನ್ನೂ ಮೇಲಿನ ಕೊನೆಯ ಮನೆಯಿಂದ ಘಟ್ಟದ ಅಂಚಿನವರೆಗಿನ ತುಂಡು ಬಾಕಿ ಇದೆ. ಅಲ್ಲಿ ಕಾಡು ದಟ್ಟ, ಶೇಕರು ಓಡಾಡುವ ಜಾಗ. ನಮ್ಮ ಕೆಂದಳಿಲಿನ ಜಾತಿಯ ಈ ಪ್ರಾಣಿ ಮಹಾರಾಷ್ಟ್ರದ ರಾಜ್ಯಪ್ರಾಣಿ, ಭೀಮಾಶಂಕರ ಅಭಯಾರಣ್ಯ ಆದದ್ದೇ ಅದನ್ನು ಕಾಪಾಡಲು. ಗೂಡಿರುವ ಮರಗಳನ್ನು ಮೊದಲು ಗುರುತು ಹಾಕಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಆಮೇಲೆ ಗುದ್ದಲಿ ಹಾಕುವುದು ಎಂದು ಗ್ರಾಮಸಭೆ ತೀರ್ಮಾನಿಸಿದೆ. ಒಪ್ಪಿಗೆ ಬಂದರೆ ದೀಪಾವಳಿ ಮುಗಿದ ಮೇಲೆ ಕೆಲಸ. ಕಾಕಾ ಆಗಲೇ ಎರಡು ಹಾರೆ ಕೊಂಡಿಟ್ಟಿದ್ದಾರೆ.