ಎರಡು ಹಡಗು, ನಡುವೆ ಒಂದು ಹಗ್ಗ

ಜೂನ್ ಅಂದ್ರೆ ಮಲ್ಪೆ ದಕ್ಕೆಯಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ಸಾಲಾಗಿ ನಿಂತಿರ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ರಜೆ, ಬಲೆ ರಿಪೇರಿ, ಹಗ್ಗ ನೋಡುದು, ಇಂಜಿನ್ ಬಿಚ್ಚುದು, ಹೊರಗೆ ಬಿಡದೆ ಹೊಡಿಯುವ ಮಳೆ. 2025ರ ಜೂನ್‌ನಲ್ಲಿ ನನ್ನ ಚಿಕ್ಕಮ್ಮನ ಮಗ ರಜೆಗೆ ಊರಿಗೆ ಬಂದಿದ್ದ, ಅವ ನೇವಿಯಲ್ಲಿ ಸೈಲರ್, ಸಿಗ್ನಲ್ ಕೆಲಸ. ಯಾವ ಹಡಗು ಅಂತ ನಾನಿಲ್ಲಿ ಬರಿಯುದಿಲ್ಲ, ಅವನೂ ಮನೆಯಲ್ಲಿ ಜಾಸ್ತಿ ಹೇಳುವವನಲ್ಲ. ನಮ್ಮಪ್ಪ ಮೂವತ್ತು ವರ್ಷಕ್ಕಿಂತ ಜಾಸ್ತಿ ಬೋಟಲ್ಲಿ ತಾಂಡೇಲ, ಅಂದ್ರೆ ಬೋಟು ನಡೆಸುವ ಮುಖ್ಯಸ್ಥ ಆಗಿದ್ದವರು, ಈಗ ವಯಸ್ಸಾಯ್ತು ಅಂತ ದಡದಲ್ಲೇ ಇರ್ತಾರೆ. ಆದ್ರೆ ಸಮುದ್ರದ ಮಾತು ಬಂದ್ರೆ ಊಟ ಬಿಟ್ಟು ಕೂತ್ಕೊಳ್ಳುವವರು.

ಜೂನ್ 9ರ ರಾತ್ರಿ ಟಿವಿಯಲ್ಲಿ ಒಂದೇ ಸುದ್ದಿ. ವಾನ್ ಹೈ 503 ಅನ್ನುವ ಕಂಟೇನರ್ ಹಡಗು ಕೊಲಂಬೊದಿಂದ ಮುಂಬೈ ಕಡೆ ಹೋಗುವಾಗ ಕೇರಳದ ಆಚೆ ಸಮುದ್ರದಲ್ಲಿ ಬೆಂಕಿ ಬಿದ್ದು ಉರೀತಿತ್ತು. 22 ಜನರಲ್ಲಿ 18 ಜನ ಹಡಗು ಬಿಟ್ಟು ಪಾರಾದ್ರು, 4 ಜನ ಕಾಣೆ. ಆ 18 ಜನರನ್ನ ನಮ್ಮ ಐಎನ್‌ಎಸ್ ಸೂರತ್ ಹತ್ತಿಸ್ಕೊಂಡು ರಾತ್ರಿಯೇ ಪಣಂಬೂರಿಗೆ, ನವಮಂಗಳೂರು ಬಂದರಿಗೆ ತಂದಿತು. ಮಲ್ಪೆಯಿಂದ ಪಣಂಬೂರು ಎಷ್ಟು ದೂರ ಮಾರಾಯ್ರೆ, ಬಸ್ಸಲ್ಲಿ ಒಂದೂವರೆ ಗಂಟೆ. ಅಲ್ಲಿ ಚೀನಾ, ತೈವಾನ್, ಮ್ಯಾನ್ಮಾರ್, ಇಂಡೋನೇಷ್ಯಾದ ಹುಡುಗರು ಇಳೀತಿದ್ರು, ಕೆಲವರಿಗೆ ಸುಟ್ಟಗಾಯ. ಅಮ್ಮ ಟಿವಿ ನೋಡ್ತಾ "ಪಾಪ, ಇವ್ರ ಭಾಷೆ ನಮ್ಮವ್ರಿಗೆ ಅರ್ಥ ಆಗ್ತದಾ" ಅಂದ್ರು. ಅದಕ್ಕೆ ಇವ ಹೇಳಿದ, "ದೊಡ್ಡಮ್ಮ, ಅದನ್ನೇ ನಾವು ಬೇರೆ ದೇಶದ ನೇವಿಗಳ ಜೊತೆ ಮಾಡುವ ಎಕ್ಸರ್‌ಸೈಜ್‌ನಲ್ಲಿ ಕಲಿಯುದು."

ನನಗೆ ಅಲ್ಲಿಯವರೆಗೆ ಈ ಎಕ್ಸರ್‌ಸೈಜ್ ಅಂದ್ರೆ ವಾಟ್ಸಾಪಲ್ಲಿ ಬರುವ ವಿಡಿಯೋ ಅಷ್ಟೇ ಗೊತ್ತಿತ್ತು. ಹಿಂದೆ ಜೋರು ಮ್ಯೂಸಿಕ್, ಮಿಸೈಲ್ ಹಾರ್ತದೆ, ಕೆಳಗೆ "ಶತ್ರುಗಳಿಗೆ ನಡುಕ" ಅಂತ ಬರೆದಿರ್ತದೆ. ಅವ ಹೇಳಿದ್ದು ಕೇಳಿದ ಮೇಲೆ ಆ ವಿಡಿಯೋ ಮಾಡುವವರು ಅಸಲಿ ಕೆಲಸವನ್ನೇ ಬಿಟ್ಟು ತೋರಿಸ್ತಾರೆ ಅಂತ ಅನಿಸ್ತದೆ. ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ.

ಅವ ಹೋಗಿದ್ದು ಅಂಥದ್ದೇ ಒಂದು ಎಕ್ಸರ್‌ಸೈಜ್‌ಗೆ, 2024ರ ಮಿಲನ್‌ಗೆ, ಫೆಬ್ರವರಿ 19ರಿಂದ 27ರವರೆಗೆ ವಿಶಾಖಪಟ್ಟಣದಲ್ಲಿ. ಸುಮಾರು 50 ದೇಶದವರು ಬಂದಿದ್ರಂತೆ, ನಮ್ಮ ವಿಕ್ರಾಂತ್, ವಿಕ್ರಮಾದಿತ್ಯ ಎರಡೂ ವಿಮಾನವಾಹಕ ಹಡಗು ಇದ್ದವು. ಇದೇ ಮಿಲನ್ 1995ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಶುರುವಾದಾಗ ನಮ್ಮನ್ನ ಬಿಟ್ರೆ ಇದ್ದದ್ದು ಇಂಡೋನೇಷ್ಯಾ, ಸಿಂಗಾಪುರ, ಶ್ರೀಲಂಕಾ, ಥಾಯ್ಲೆಂಡ್, ಇಷ್ಟೇ. ಮೊದಲು ಹಾರ್ಬರ್ ಫೇಸ್ ಅಂತ ಕೆಲವು ದಿನ ದಡದಲ್ಲಿ. ಅಲ್ಲಿ ಮೀಟಿಂಗು, ಒಬ್ಬರ ಹಡಗಿಗೆ ಇನ್ನೊಬ್ಬರು ಹೋಗಿ ನೋಡುದು, ಆಟ, ಊಟ, ಪ್ಲಾನ್ ಪೇಪರ್ ಹಿಡ್ಕೊಂಡು ಎಲ್ಲಿ ಯಾವಾಗ ಯಾರು ಅಂತ ಕೂತು ಮಾತಾಡುದು. ಆಮೇಲೆ ಸೀ ಫೇಸ್. ನನಗೆ ಈ ಹಾರ್ಬರ್ ಫೇಸ್ ಅಂದ್ರೆ ಬರೀ ಫೋಟೋಕ್ಕೆ ಅಂತ ಕಂಡಿತ್ತು. ಅವ ಹೇಳಿದ, "ಅಕ್ಕ, ಮುಖ ನೋಡಿದವನ ಧ್ವನಿ ರೇಡಿಯೋದಲ್ಲಿ ಕೇಳಿದ್ರೆ ಬೇರೆಯೇ ಧೈರ್ಯ."

ಅಪ್ಪ ಇದಕ್ಕೆಲ್ಲ ಹೂಂ ಹೂಂ ಅಂತಿದ್ರು. ಅವರಿಗೆ ಬೇಕಾದದ್ದು ಬೇರೆ. "ಎರಡು ದೊಡ್ಡ ಹಡಗು ಹತ್ತಿರ ಬಂದು ಎಣ್ಣೆ ಕೊಡ್ತವೆ ಅಂತಾರಲ್ಲ, ಎಷ್ಟು ಹತ್ತಿರ ಬರ್ತವೆ ಮಗಾ?"

ಅಲ್ಲಿಂದ ಶುರುವಾದದ್ದು ರಾತ್ರಿ ಹನ್ನೆರಡು ಗಂಟೆ ಆಯ್ತು.

ಟ್ಯಾಂಕರ್ ಹಡಗು ಒಂದೇ ದಿಕ್ಕು ಹಿಡಿದು ಒಂದೇ ಸ್ಪೀಡಲ್ಲಿ ಹೋಗ್ತಾ ಇರ್ತದೆ, 12ರಿಂದ 15 ನಾಟ್, ಅಂದ್ರೆ ಗಂಟೆಗೆ 22ರಿಂದ 28 ಕಿಲೋಮೀಟರ್. ಎಣ್ಣೆ ಬೇಕಾದ ಹಡಗು ಹಿಂದಿನಿಂದ ಬಂದು ಪಕ್ಕಕ್ಕೆ ಸೇರ್ತದೆ, ನಡುವೆ 30ರಿಂದ 50 ಮೀಟರ್ ನೀರು ಅಷ್ಟೇ. ಎರಡೂ ನಿಲ್ಲುದಿಲ್ಲ, ಹೋಗ್ತಾ ಹೋಗ್ತಾನೇ ಕೆಲಸ. ಅಪ್ಪ ತಕ್ಷಣ ಕೇಳಿದ್ರು, "ನೀರು ಒಳಗೆ ಎಳಿಯುದಿಲ್ವಾ?" ಇವ ಒಂದು ಗಳಿಗೆ ಅವರನ್ನೇ ನೋಡಿದ. ಯಾಕಂದ್ರೆ ಅದೇ ಇದರಲ್ಲಿ ದೊಡ್ಡ ಅಪಾಯ. ಎರಡು ಹಡಗಿನ ನಡುವಿನ ಇಕ್ಕಟ್ಟಲ್ಲಿ ನೀರು ಜೋರಾಗಿ ಓಡ್ತದೆ, ಜೋರಾಗಿ ಓಡುವ ಕಡೆ ಒತ್ತಡ ಕಡಿಮೆ, ಹೊರಗಿನ ಒತ್ತಡ ಎರಡನ್ನೂ ಒಳಗೆ ದೂಡ್ತದೆ. ಅದೇ ಮೂತಿಯ ಹತ್ತಿರ ನೀರು ಏರಿ ಹೊರಗೆ ದೂಡ್ತದೆ. ಹಾಗಾಗಿ ಚುಕ್ಕಾಣಿ ಹಿಡಿದವ ಒಂದೊಂದು ಡಿಗ್ರಿ ಲೆಕ್ಕದಲ್ಲಿ ತಿರುಗಿಸ್ತಾ ಇರ್ಬೇಕು, ಸ್ಪೀಡು ಚೂರು ಚೂರೇ ಹೆಚ್ಚು ಕಡಿಮೆ ಮಾಡ್ತಾ ಇರ್ಬೇಕು, ಇದು ಗಂಟೆಗಟ್ಟಲೆ. ಅಪ್ಪ ಎರಡೂ ಅಂಗೈ ಪಕ್ಕ ಪಕ್ಕ ಹಿಡಿದು ಮೆಲ್ಲ ಹತ್ತಿರ ತಂದು ತೋರಿಸಿದ್ರು, "ಹೀಗೆ ಬರ್ತದೆ ಅಲ್ವಾ, ಗೊತ್ತೇ ಆಗುದಿಲ್ಲ, ಆಮೇಲೆ ಒಮ್ಮೆಲೇ" ಅಂತ. ನೀರಿನ ಒತ್ತಡದ ಈ ನಿಯಮ ಹೇಳಿದ ವಿಜ್ಞಾನಿ ಬರ್ನೂಲಿಯ ಹೆಸರು ಅವರು ಕೇಳಿದವರಲ್ಲ.

ಹಗ್ಗದ ವಿಷಯ ಇನ್ನೂ ಚಂದ. ಮೊದಲು ಒಂದು ಹಡಗಿನಿಂದ ಬಂದೂಕಲ್ಲಿ ಸಪೂರ ಹಗ್ಗ ಹಾರಿಸ್ತಾರೆ, ಅಥವಾ ತುದಿಗೆ ಭಾರದ ಗಂಟು ಕಟ್ಟಿದ ಹಗ್ಗ ಕೈಯಲ್ಲೇ ಬೀಸಿ ಎಸೀತಾರೆ, ಅದಕ್ಕೆ ಹೀವಿಂಗ್ ಲೈನ್ ಅಂತ ಹೆಸರು. ಆಚೆಯವರು ಅದನ್ನ ಹಿಡಿದು ಎಳೆದಾಗ ಅದರ ಹಿಂದೆ ಸ್ವಲ್ಪ ದಪ್ಪ ಹಗ್ಗ, ಅದರ ಹಿಂದೆ ಇನ್ನೂ ದಪ್ಪ, ಆಮೇಲೆ ಉಕ್ಕಿನ ವೈರು, ಕೊನೆಗೆ ಆ ವೈರಿನ ಮೇಲೆ ಜೋತಾಡ್ಕೊಂಡು ಎಣ್ಣೆ ಪೈಪು. ಇನ್ನೊಂದು ಹಗ್ಗಕ್ಕೆ ಅಳತೆ ಪ್ರಕಾರ ಬಣ್ಣಬಣ್ಣದ ಸಣ್ಣ ಬಾವುಟ ಕಟ್ಟಿರ್ತಾರೆ, ಅದನ್ನ ನೋಡಿದ್ರೆ ಈಗ ನಡುವೆ ಎಷ್ಟು ಅಂತರ ಉಂಟು ಅಂತ ಮೇಲಿನವರಿಗೆ ಕಣ್ಣಳತೆಯಲ್ಲೇ ಗೊತ್ತಾಗ್ತದೆ. ಎಣ್ಣೆ ಹೋಗುವಾಗ ಎರಡೂ ಹಡಗಲ್ಲಿ ಕೆಂಪು ಬಾವುಟ ಹಾರ್ತಾ ಇರ್ತದೆ. ಏನಾದ್ರೂ ತಪ್ಪಿದ್ರೆ ಪೈಪು ವೈರು ಎಲ್ಲ ಬೇಗ ಬೇಗ ಬಿಡಿಸ್ಕೊಂಡು ದೂರ ಸರಿಯುದು ಹೇಗೆ ಅಂತ, ಅದನ್ನೂ ಬೇಕಂತಲೇ ಮಾಡಿ ಪ್ರಾಕ್ಟೀಸ್ ಮಾಡ್ತಾರೆ. ಇಷ್ಟೂ ಕೆಲಸ ಒಂದೇ ದೇಶದ ಎರಡು ಹಡಗಿಗೇ ಕಷ್ಟ. ಬೇರೆ ಭಾಷೆ, ಬೇರೆ ಅಭ್ಯಾಸ, ಪೈಪಿನ ಬಾಯಿ ಬೇರೆ ಸೈಜು ಇರುವ ಇನ್ನೊಂದು ದೇಶದ ಹಡಗಿನ ಜೊತೆ ಅಂದ್ರೆ ಒಂದು ಸಲ ಮಾಡಿ ನೋಡದೆ ಕಷ್ಟಕಾಲದಲ್ಲಿ ಮಾಡ್ಲಿಕ್ಕೆ ಆಗುವಂಥದ್ದಲ್ಲ.

ಆಗ ಅಪ್ಪ ಒಂದು ಕತೆ ಹೇಳಿದ್ರು, ನಾವ್ಯಾರೂ ಕೇಳಿರ್ಲಿಲ್ಲ. ಎಷ್ಟೋ ವರ್ಷದ ಹಿಂದೆ ರಾತ್ರಿ ಹೊತ್ತು ಬೇರೆ ಊರಿನ ಒಂದು ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿ ಇಂಜಿನ್ ಬಂದಾಗಿ ಅಲೆಗೆ ಅಡ್ಡ ಬಿದ್ದಿತ್ತಂತೆ. ಇವರು ಹತ್ತಿರ ಹೋದ್ರೆ ಅಲೆ ಎತ್ತಿ ಅದರ ಮೇಲೆಯೇ ಹಾಕ್ತದೆ, ದೂರ ನಿಂತ್ರೆ ಹಗ್ಗ ಮುಟ್ಟುದಿಲ್ಲ. ನಾಲ್ಕು ಸಲ ಎಸೆದದ್ದು ನೀರಿಗೇ ಬಿತ್ತು. ಆಚೆಯವರು ಏನೋ ಕೂಗ್ತಾರೆ, ಇವರಿಗೆ ಅರ್ಥ ಆಗುದಿಲ್ಲ, ಗಾಳಿ. ಐದನೇ ಸಲ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ನೀರಲ್ಲಿ ತೇಲಿಬಿಟ್ಟು ಅದು ಅವರ ಕಡೆ ಹೋದ ಮೇಲೆ ಸಿಕ್ಕಿತಂತೆ. "ಅವತ್ತು ಅವರಿಗೂ ನಮಗೂ ಒಂದೇ ಕ್ರಮ ಗೊತ್ತಿದ್ರೆ ಎರಡು ಗಂಟೆ ಉಳೀತಿತ್ತು" ಅಂದ್ರು ಅಪ್ಪ. ನಾನು ಇಲ್ಲಿ ಬರೀತಿರುವುದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ಮಾತು.

ಭಾಷೆಯ ವಿಷಯಕ್ಕೆ ಬಂದ್ರೆ, ಇವ ಸಿಗ್ನಲ್‌ನವ ಆದ್ದರಿಂದ ಅದನ್ನ ಬಾಳ ಹೇಳಿದ. ಸಮುದ್ರದಲ್ಲಿ ವಿಎಚ್‌ಎಫ್ ರೇಡಿಯೋದ ಚಾನೆಲ್ 16 ಅಂದ್ರೆ ಲೋಕಕ್ಕೆಲ್ಲ ಒಂದೇ, 156.8 ಮೆಗಾಹರ್ಟ್ಸ್, ಯಾರಿಗೆ ಕಷ್ಟ ಬಂದ್ರೂ ಅಲ್ಲೇ ಮೇಡೇ ಮೇಡೇ ಮೇಡೇ ಅಂತ ಮೂರು ಸಲ ಕೂಗುದು. ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಹಡಗಿನವರಿಗೆ ಅಂತಲೇ ಒಂದು ಸಣ್ಣ ಇಂಗ್ಲಿಷ್ ವಾಕ್ಯಗಳ ಪಟ್ಟಿ ಒಪ್ಪಿಕೊಂಡಿತು, ಚೀನಾದವನೂ ಬ್ರೆಜಿಲ್‌ನವನೂ ಒಂದೇ ಮಾತು ಒಂದೇ ಅರ್ಥದಲ್ಲಿ ಹೇಳ್ಬೇಕು ಅಂತ. 2014ರಲ್ಲಿ ಚೀನಾದ ಚಿಂಗ್‌ದಾವ್‌ನಲ್ಲಿ ನೌಕಾಪಡೆಗಳು ಸೇರಿ, ಸಮುದ್ರದ ನಡುವೆ ಯುದ್ಧನೌಕೆಗಳು ಎದುರೆದುರು ಸಿಕ್ಕಿದ್ರೆ ಹೇಗೆ ನಡ್ಕೊಳ್ಬೇಕು, ಏನು ಮಾಡ್ಬಾರ್ದು ಅಂತ ಒಂದು ಕ್ರಮವನ್ನೂ ಒಪ್ಪಿದ್ರು. ಪುಸ್ತಕದಲ್ಲಿ ಇದೆಲ್ಲ ಉಂಟು ಸರಿ, ಆದ್ರೆ ಪುಸ್ತಕದ ಇಂಗ್ಲಿಷ್ ಬೇರೆ, ಗಾಳಿಯಲ್ಲಿ ಕರಕರ ಅನ್ನುವ ರೇಡಿಯೋದಲ್ಲಿ ಹತ್ತು ದೇಶದ ಉಚ್ಚಾರ ಬೇರೆ. ಮೊದಲ ದಿನ ಎಲ್ಲರೂ "ಸೇ ಅಗೇನ್, ಸೇ ಅಗೇನ್" ಅಂತಿದ್ರಂತೆ, ಮೂರನೇ ದಿನಕ್ಕೆ ಕಿವಿ ಹೊಂದಿತಂತೆ.

ಯುದ್ಧದ ಅಭ್ಯಾಸ ಇಲ್ಲ ಅಂತ ನಾನು ಹೇಳುದಿಲ್ಲ, ಖಂಡಿತ ಉಂಟು. ಸಬ್‌ಮರೀನ್ ಹುಡುಕುದು, ಆಕಾಶದಿಂದ ಬರುವುದನ್ನ ತಡೆಯುದು, ಕಿಲ್ಲರ್ ಟೊಮೆಟೊ ಅಂತ ದೊಡ್ಡ ಕೆಂಪು ಗಾಳಿ ಬಲೂನು ನೀರಲ್ಲಿ ತೇಲಿಬಿಟ್ಟು ಅದಕ್ಕೆ ಗುಂಡು ಹೊಡಿಯುದು, ಎಲ್ಲ ಉಂಟು. ರಾಜಕೀಯವೂ ಉಂಟು, ಅಮೆರಿಕದ ಜೊತೆ 1992ರಲ್ಲಿ ಶುರುವಾದ ಮಲಬಾರ್ ಎಕ್ಸರ್‌ಸೈಜ್‌ಗೆ 2015ರಲ್ಲಿ ಜಪಾನ್ ಖಾಯಂ ಆಯ್ತು, 2020ರಲ್ಲಿ ಆಸ್ಟ್ರೇಲಿಯಾ ಬಂತು, ಯಾಕೆ ಅಂತ ಎಲ್ಲರಿಗೂ ಗೊತ್ತು. ಹವಾಯಿಯಲ್ಲಿ 1971ರಿಂದ ನಡೀತಿರುವ ರಿಂಪ್ಯಾಕ್ 2024ರಲ್ಲಿ 29 ದೇಶದವರ ಜಾತ್ರೆ, ನಮ್ಮ ಐಎನ್‌ಎಸ್ ಶಿವಾಲಿಕ್ ಅಷ್ಟು ದೂರ ಹೋಗಿ ಬಂತು. ಆದ್ರೆ ಕರಾವಳಿಯವರಾಗಿ ನಮಗೆ ಇದರ ಫಲ ಕಾಣುದು ಬೇರೆ ಕಡೆ.

ಮುಲ್ಕಿ ನೆನಪುಂಟಲ್ವಾ? 2021ರ ಮೇ ತಿಂಗಳ ತೌಕ್ತೆ ಚಂಡಮಾರುತ, ಕೋರಮಂಡಲ್ ಸಪೋರ್ಟರ್ ಅನ್ನುವ ಟಗ್ಗು, ಅಂದ್ರೆ ದೊಡ್ಡ ಹಡಗು ಎಳಿಯುವ ಬೋಟು, ಮುಲ್ಕಿ ಬಂಡೆಗೆ ಸಿಕ್ಕಿ 9 ಜನ ಆ ಅಲೆಯಲ್ಲಿ. ಮೇ 17ಕ್ಕೆ ಕೋಸ್ಟ್ ಗಾರ್ಡ್ ಬೋಟೂ ನೇವಿ ಹೆಲಿಕಾಪ್ಟರೂ ಸೇರಿ ಅವರನ್ನೆಲ್ಲ ತಂದದ್ದು. ಎರಡು ಬೇರೆ ಪಡೆ ಒಂದೇ ಜಾಗದಲ್ಲಿ ಒಬ್ಬರಿಗೊಬ್ಬರು ಅಡ್ಡ ಆಗದೆ ಕೆಲಸ ಮಾಡುದು ಅಲ್ಲಿ ನಿಂತ ಹಾಗೆ ಬರುವ ವಿದ್ಯೆ ಅಲ್ಲ. 2024ರ ಜನವರಿಯಲ್ಲಿ ಐಎನ್‌ಎಸ್ ಸುಮಿತ್ರಾ ಸೊಮಾಲಿಯಾ ಕಡೆಯ ಕಡಲ್ಗಳ್ಳರಿಂದ ಮೊದಲು ಒಂದು ಇರಾನಿ ಮೀನಿನ ಬೋಟು ಬಿಡಿಸಿತು, ಬೆನ್ನಿಗೇ ಅಲ್ ನಯೀಮಿ ಅನ್ನುವ ಇನ್ನೊಂದು, ಅದರಲ್ಲಿದ್ದ 19 ಜನ ಪಾಕಿಸ್ತಾನದವರು. ಈ ಸುದ್ದಿ ಬಂದಾಗ ಅಪ್ಪ ಹೇಳಿದ್ದು ಇಷ್ಟೇ, "ಅವರೂ ಬಲೆ ಹಾಕ್ಲಿಕ್ಕೆ ಹೋದವರಲ್ವಾ."

ಮಲ್ಪೆಯವರಿಗೆ ಸುವರ್ಣ ತ್ರಿಭುಜ ಮರೆಯುವಂಥದ್ದಲ್ಲ. 2018ರ ಡಿಸೆಂಬರ್‌ನಲ್ಲಿ 7 ಜನರ ಜೊತೆ ಹೋದ ಬೋಟು, ಮುಂದಿನ ಮೇ ತಿಂಗಳಲ್ಲಿ ಐಎನ್‌ಎಸ್ ನಿರೀಕ್ಷಕ್ ಮಾಲ್ವಣ ಹತ್ತಿರ ನೀರಿನಡಿಯಲ್ಲಿ ಅವಶೇಷ ಪತ್ತೆ ಮಾಡುವವರೆಗೆ ಆ ಮನೆಯವರು ಹೇಗಿದ್ರು ಅಂತ ನಾವು ಕಣ್ಣಾರೆ ಕಂಡವರು. ಅದಕ್ಕೇ, ನೀರಿನಡಿ ಕೆಲಸಕ್ಕೆ ಅಂತ ಕಟ್ಟಿದ ಹೊಸ ಹಡಗು ನಿಸ್ತಾರ್ 2025ರ ಜುಲೈಯಲ್ಲಿ ನೇವಿಗೆ ಸೇರಿ, ಸೆಪ್ಟೆಂಬರ್‌ನಲ್ಲೇ ಸಿಂಗಾಪುರದ ಪೆಸಿಫಿಕ್ ರೀಚ್‌ಗೆ, ಅಂದ್ರೆ ಮುಳುಗಿದ ಸಬ್‌ಮರೀನ್‌ನಿಂದ ಜನರನ್ನ ಎತ್ತುವ ಅಭ್ಯಾಸಕ್ಕೆ ಹೋಗಿದೆ ಅಂತ ಓದಿದಾಗ ನಾನು ಆ ಸುದ್ದಿಯನ್ನ ಎರಡೆರಡು ಸಲ ಓದಿದೆ.

ಕಾರವಾರದ್ದೂ ಹೇಳ್ಬೇಕು. 2025ರ ಏಪ್ರಿಲ್ 5ಕ್ಕೆ ಅಲ್ಲಿಂದ ಐಎನ್‌ಎಸ್ ಸುನಯನಾ ಹೊರಟಿತಲ್ಲ, ಅದರಲ್ಲಿ ನಮ್ಮವರ ಜೊತೆ ಶ್ರೀಲಂಕಾ, ಮಾಲ್ಡೀವ್ಸ್, ಕೀನ್ಯಾ, ತಾಂಜಾನಿಯಾ, ಹೀಗೆ 9 ದೇಶದ 44 ಜನ ಒಂದೇ ಹಡಗಲ್ಲಿ ಕೆಲಸ ಮಾಡ್ತಾ ಹೋದ್ರು. ಪಕ್ಕ ಪಕ್ಕದ ಹಡಗು ಅಲ್ಲ, ಒಂದೇ ಅಡುಗೆಮನೆ, ಒಂದೇ ಪಾಳಿ. ನನಗೆ ದೊಡ್ಡ ದೊಡ್ಡ ಜಾತ್ರೆಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುವಂಥದ್ದು ಅನಿಸ್ತದೆ.

ಈಗ ನನ್ನ ಮನಸ್ಸಲ್ಲಿರುವ ಒಂದು ಮಾತು. ನಮ್ಮ ಕರಾವಳಿಯಲ್ಲೂ ಸಾಗರ್ ಕವಚ ಅಂತ ಅಣಕು ಕಾರ್ಯಾಚರಣೆ ನಡೀತದೆ, 2019ರಿಂದ ದೇಶದ ಕರಾವಳಿಗೆಲ್ಲ ಸೀ ವಿಜಿಲ್ ಉಂಟು. ಅದರಲ್ಲಿ ಕೆಲವರು ವೇಷ ಬದಲಿಸಿ ಮೀನಿನ ಬೋಟಲ್ಲಿ ಒಳಗೆ ಬರ್ತಾರೆ, ಪೊಲೀಸ್, ಕೋಸ್ಟ್ ಗಾರ್ಡ್ ಅವರನ್ನ ಹಿಡೀಬೇಕು. 26/11 ಆದ ಮೇಲೆ ಅದು ಬೇಕೇ ಬೇಕು. ಆದ್ರೆ ಗುಂಡು ಹೊಡಿಯುವ ಅಭ್ಯಾಸ ಇದ್ರೆ ನಮ್ಮ ಬೋಟಿಗೆ ಆ ಕಡೆ ಬರ್ಬೇಡಿ ಅಂತ ಎಚ್ಚರಿಕೆ ಬರ್ತದೆ, ಕವಚ ಇದ್ರೆ ನಮ್ಮ ಬೋಟು ತಪಾಸಣೆ ಆಗ್ತದೆ. ಜೀವ ಉಳಿಸುವ ಅಭ್ಯಾಸದಲ್ಲಿ ನಮ್ಮವರನ್ನ ಯಾಕೆ ಜೊತೆಗೆ ನಿಲ್ಲಿಸ್ಬಾರ್ದು? ಸಮುದ್ರದಲ್ಲಿ ಕಷ್ಟಕ್ಕೆ ಮೊದಲು ಮುಟ್ಟುವುದು ಎಷ್ಟೋ ಸಲ ಹತ್ತಿರ ಇರುವ ಮೀನಿನ ಬೋಟೇ. ವರ್ಷಕ್ಕೆ ಒಂದು ದಿನ, ಈ ರಜೆಯ ಕೊನೆಯ ವಾರದಲ್ಲಿ, ಅಳಿವೆಯ ಒಳಗಿನ ನೀರಲ್ಲೇ ಆದೀತು, ನೇವಿಯವರು ಇಬ್ಬರು ಬಂದು ನಮ್ಮ ತಾಂಡೇಲರ ಜೊತೆ ಹಗ್ಗ ಕೊಡುದು, ಗಾಯ ಆದವರನ್ನ ಒಂದರಿಂದ ಇನ್ನೊಂದಕ್ಕೆ ದಾಟಿಸುದು, ಚಾನೆಲ್ 16ರಲ್ಲಿ ಹೇಗೆ ಮಾತಾಡುದು, ಇಷ್ಟು ಮಾಡಿದ್ರೆ ಸಾಕು. 50 ದೇಶದವರನ್ನ ಕರೆದು ಕಲಿಸುವವರಿಗೆ ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆ ದೂರ ಅಲ್ಲ.

ಇವ ಹೋಗುವ ಹಿಂದಿನ ದಿನ ಅಪ್ಪ ಇವನನ್ನ ದಕ್ಕೆಗೆ ಕರ್ಕೊಂಡು ಹೋದ್ರು, ನಾನೂ ಕೊಡೆ ಹಿಡ್ಕೊಂಡು ಹಿಂದೆ. ಅಪ್ಪ ಮೊದಲು ಹೋಗ್ತಿದ್ದ ಬೋಟಲ್ಲಿ ಈಗಿನ ತಾಂಡೇಲ ಹಗ್ಗ ನೋಡ್ತಾ ಕೂತಿದ್ರು. ಇವ ಒಂದು ಸಪೂರ ಹಗ್ಗ ತಗೊಂಡು ಅದರ ತುದಿಗೆ ಮುಷ್ಟಿಯ ಹಾಗೆ ಗಂಟು ಸುತ್ತಿದ, ಅದಕ್ಕೆ ಮಂಗನ ಮುಷ್ಟಿ ಅಂತಲೇ ಹೆಸರಂತೆ. ಒಳಗೆ ಎಂತ ಇಡುದು ಅಂತ ನೋಡಿ ಕೊನೆಗೆ ಬಲೆಯ ಒಂದು ಸೀಸದ ಗುಂಡು ಇಟ್ಟ. ತಾಂಡೇಲ ಪಕ್ಕದ ಸಾಲಿನ ಬೋಟಿಗೆ ಎಸೆದು ನೋಡಿದ್ರು, ಮೊದಲನೇ ಸಲಕ್ಕೇ ಹೋಗಿ ಬಿತ್ತು. ಅಪ್ಪ ಮಳೆಯಲ್ಲೇ ನಿಂತು ತಾನೂ ಎರಡು ಸಲ ಎಸೆದ್ರು.

ಆಗಸ್ಟ್‌ನಲ್ಲಿ ಬೋಟು ಸಮುದ್ರಕ್ಕೆ ಇಳಿಯುವಾಗ ನೋಡ್ಲಿಕ್ಕೆ ಹೋಗಿದ್ದೆ, ಆ ಹಗ್ಗ ಕ್ಯಾಬಿನ್ ಬಾಗಿಲ ಪಕ್ಕದ ಮೊಳೆಯಲ್ಲಿ ಸುರುಳಿ ಸುತ್ತಿ ನೇತು ಹಾಕಿದ್ದಿತ್ತು.