ವಾಪಸ್ ಬಂದಾಯ್ತಲ್ಲ, ಇನ್ನೂ ಯಾಕೆ ದುಡ್ಡು ಕೇಳ್ತೀಯಾ?

ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದರೆ ಇದೇ ಪ್ರಶ್ನೆ. ಮದುವೆ ಮನೆಗೆ ಹೋದರೂ ಇದೇ. ನಾನು ಮೂರು ವರ್ಷ ಜಾರ್ಖಂಡ್‌ನ ಸಿಮ್ಡೇಗಾ ಕಡೆಯ ಒಂದು ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಮುಂಬೈಗೆ, ಸಾಂತಾಕ್ರೂಜಿನ ನಮ್ಮ ಮನೆಗೆ ಮರಳಿ ಎರಡು ವರ್ಷ ಆಯಿತು. ಸಂಬಳದ ಕೆಲಸವೂ ಸಿಕ್ಕಿದೆ. ಆದರೂ ಆ ದವಾಖಾನೆಗೆ ಕೇಳುವುದನ್ನು ಬಿಟ್ಟಿಲ್ಲ. (ಅಂದಹಾಗೆ, ನಾನು ಕನ್ಯಾಸ್ತ್ರೀ ಅಲ್ಲ. ನರ್ಸ್ ಅಂತ ಎಲ್ಲರೂ ಸಿಸ್ಟರ್ ಅನ್ನುತ್ತಾರೆ, ಅಷ್ಟೇ.)

ಯಾಕೆ ಅಂತ ಕೇಳಿದವರಿಗೆ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಮಳೆಗಾಲ. ನೆಲದ ಮೇಲೆ ಮಲಗಿದ್ದ ಹುಡುಗನಿಗೆ ಕಟ್ಟುಹಾವು ಕಡಿದಿತ್ತು. ಈ ಹಾವು ಕಡಿದರೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಹುಡುಗನ ಕಣ್ಣಿನ ರೆಪ್ಪೆ ಜೋತು ಬೀಳುತ್ತಿತ್ತು. ಔಷಧಿ ನಮ್ಮಲ್ಲಿ ಇರಲಿಲ್ಲ. ಶುರುವಿಗೇ ಎಂಟು-ಹತ್ತು ವಯಲ್ (ಇಂಜೆಕ್ಷನ್ ಔಷಧಿಯ ಚಿಕ್ಕ ಸೀಸೆ) ಬೇಕು, ಉಸಿರು ನಿಂತರೆ ಮೆಷಿನ್ ಬೇಕು. ದೊಡ್ಡ ಆಸ್ಪತ್ರೆಗೇ ಒಯ್ಯಬೇಕು. ಜೀಪ್ ಇತ್ತು, ಡೀಸೆಲ್ ಇರಲಿಲ್ಲ.

ಹಿರಿಯ ಸಿಸ್ಟರ್ (ಇವರು ಕನ್ಯಾಸ್ತ್ರೀಯೇ) ಬೀರುವಿನಿಂದ ಬಿಸ್ಕೆಟ್ ಡಬ್ಬಿ ತೆಗೆದರು. ಒಳಗೆ ಲಕೋಟೆಗಳು. ‘ಡೀಸೆಲ್’ ಅಂತ ಬರೆದಿದ್ದರಲ್ಲಿ ಎರಡು ಹತ್ತರ ನೋಟು. ‘ಗಂಟೆ’ ಅಂತ ಬರೆದಿದ್ದು ಮಾತ್ರ ಉಬ್ಬಿಕೊಂಡಿತ್ತು. ಯಾರೋ ಭಕ್ತರು ಚರ್ಚಿಗೆ ಹೊಸ ಗಂಟೆ ಮಾಡಿಸಿ ಅಂತ ಕೊಟ್ಟ 38,000 ರೂಪಾಯಿ. ಕ್ಯಾಥೋಲಿಕ್ ಚರ್ಚ್ ಕಾನೂನಿನ 1267ನೇ ವಿಧಿ ಹೇಳುತ್ತದೆ: ಯಾವುದಕ್ಕೆ ಅಂತ ಕೊಟ್ಟರೋ ಅದಕ್ಕೇ ಬಳಸಬೇಕು. ಸಿಸ್ಟರ್ ಆ ಲಕೋಟೆ ಮುಟ್ಟಲಿಲ್ಲ. ರೇಷನ್ ಅಂಗಡಿಯವನನ್ನು ಎಬ್ಬಿಸಿ ಸಾಲಕ್ಕೆ ಡೀಸೆಲ್ ತಂದರು. ನಾನಾಗಿದ್ದರೆ ಗಂಟೆ ದುಡ್ಡಿಗೇ ಕೈ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಹುಡುಗ ಬದುಕಿದ.

ಗಂಟೆಗೆ, ಪ್ರತಿಮೆಗೆ, ಬೆಂಚಿಗೆ ಕೊಡುವವರು ಸಿಗುತ್ತಾರೆ. ಅದರ ಮೇಲೆ ಹೆಸರು ಕೆತ್ತಿಸಬಹುದು. ಡೀಸೆಲ್ ಮೇಲೆ ಕೆತ್ತಿಸಲು ಆಗುತ್ತಾ? ಕರೆಂಟ್ ಬಿಲ್ಲು, ಸಾಬೂನು, ಆಯಾಳ ಸಂಬಳ, ಮಲೇರಿಯಾ ಟೆಸ್ಟಿನ ಕಿಟ್ಟು, ಇವುಗಳಿಗೆ ಯಾರೂ ತಾವಾಗಿ ಕೊಡುವುದಿಲ್ಲ. ಅಲ್ಲಿ ಇದ್ದು ನೋಡಿದವರೇ ಬಂದು ಕೇಳಬೇಕು. ಅದಕ್ಕೇ ಕೇಳುತ್ತೇನೆ.

ಬಟ್ಟೆ ಬೇಡ. ದಯವಿಟ್ಟು ಬೇಡ. ಬಂದ ಹೊಸದರಲ್ಲಿ ಹೂಂ ಅಂದುಬಿಟ್ಟೆ. ಮನೆ ತುಂಬ ಗಂಟುಗಳು. ಒಂದರಲ್ಲಿ ಜರಿ ಹರಿದ ರೇಷ್ಮೆ ಸೀರೆ, ಇನ್ನೊಂದರಲ್ಲಿ ಒಂಟಿ ಶೂ. ಕುರ್ಲಾದಿಂದ ರೈಲಿಗೆ ಹಾಕಿ, ರೂರ್ಕೆಲಾದಲ್ಲಿ ಇಳಿಸಿ, ಅಲ್ಲಿಂದ ಬಸ್ಸಿನ ಮೇಲೆ ಏರಿಸುವ ಖರ್ಚೇ ಬಟ್ಟೆಗಿಂತ ಜಾಸ್ತಿ. ಅರ್ಧ ಖಾಲಿಯಾದ ಔಷಧಿ ಬಾಟಲಿಯೂ ಬೇಡ.

ಹಾಗಂತ ರಸೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತುವ ಹಾಗೂ ಇಲ್ಲ. 1265ನೇ ವಿಧಿ ಪ್ರಕಾರ, ಚರ್ಚಿನ ಕೆಲಸಕ್ಕೆ ಅಂತ ಯಾರಾದರೂ ಸ್ವಂತವಾಗಿ ದುಡ್ಡು ಎತ್ತಬೇಕಾದರೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ತಮ್ಮ ಬಿಷಪರದೂ ದುಡ್ಡು ಎತ್ತುವ ಜಾಗದ ಬಿಷಪರದೂ. ನನ್ನ ಹತ್ತಿರ ಒಪ್ಪಿಗೆ ಇದೆ, ಕೇಳಿದರೆ ತೋರಿಸುತ್ತೇನೆ. ದುಡ್ಡು ನನ್ನ ಫೋನಿಗೆ ಬರುವುದಿಲ್ಲ, ನೇರ ಮಿಷನ್ನಿನ ಖಾತೆಗೆ ಹೋಗುತ್ತದೆ. ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ವಿನಾಯಿತಿ ಸಿಗುವುದಿಲ್ಲ. ಕೆನಡಾ ಪಾಸ್‌ಪೋರ್ಟ್ ತಗೊಂಡ ನನ್ನ ದೊಡ್ಡಪ್ಪನ ಮಗ ಕಳಿಸ್ತೀನಿ ಅಂದ. ಬೇಡಪ್ಪಾ ಅಂದೆ. ವಿದೇಶಿ ಪ್ರಜೆಯ ದುಡ್ಡು ತಗೊಳ್ಳಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ನೋಂದಣಿ ಬೇಕು, ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಆ ಚಿಕ್ಕ ದವಾಖಾನೆಗೆ ಅದೆಲ್ಲ ಇಲ್ಲ.

“ಅಕ್ಟೋಬರಿನ ಮಿಷನ್ ಭಾನುವಾರ ಕಾಣಿಕೆ ಹಾಕಿದ್ದೀವಲ್ಲ?” ಅನ್ನುತ್ತಾರೆ. ಒಳ್ಳೆಯದು, ಹಾಕಿ. 1926ರಲ್ಲಿ ಪೋಪರು ಗೊತ್ತುಮಾಡಿದ ದಿನ ಅದು. ಆದರೆ ಅದು ಪೋಪರ ಮಿಷನ್ ನಿಧಿಗೆ ಹೋಗಿ ಲೋಕಕ್ಕೆಲ್ಲ ಹಂಚಿಕೆಯಾಗುವ ಹಣ. ನಮ್ಮ ಜೀಪಿನ ಟ್ಯಾಂಕಿಗೆ ಅಂತ ಬರುವುದಿಲ್ಲ.

“ಮತಾಂತರಕ್ಕೆ ತಾನೇ?” ಅನ್ನುವವರೂ ಇದ್ದಾರೆ. ಫಾದರ್ ಕಾನ್‌ಸ್ಟಂಟ್ ಲೀವೆನ್ಸ್ ಬೆಲ್ಜಿಯಂನಿಂದ ಬಂದು ಛೋಟಾನಾಗ್ಪುರ (ಈಗಿನ ಜಾರ್ಖಂಡ್ ಕಡೆ) ಸೇರಿದ್ದು 1885ರಲ್ಲಿ. ಜಮೀನಿನ ಕೇಸುಗಳಲ್ಲಿ ಆದಿವಾಸಿಗಳ ಪರ ನಿಂತರು. ಹಾಗಾಗಿ ಆ ಕಡೆ ಮುತ್ತಜ್ಜನ ಕಾಲದಿಂದ ಕ್ಯಾಥೋಲಿಕರಾದ ಮನೆಗಳು ಎಷ್ಟೋ ಇವೆ, ಆಗದವರೂ ಇದ್ದಾರೆ. ಜ್ವರ ನೋಡುವಾಗ ನಾನು ಯಾರನ್ನೂ ಅದನ್ನು ಕೇಳಿಲ್ಲ. ಖರ್ಚಿನ ಲೆಕ್ಕ ತಿಂಗಳು ತಿಂಗಳು ಕಳಿಸುತ್ತೇನೆ, ಓದಿ ನೋಡಿ.

ಈಗ ನಾನು ಮಾಡುತ್ತಿರುವುದು ಒಂದು ಹಳೆಯ ಉಪಾಯ. ಫ್ರಾನ್ಸಿನ ಲಿಯಾನ್‌ನಲ್ಲಿ ಪೌಲಿನ್ ಜಾರಿಕೊ ಅನ್ನುವ ಹೆಣ್ಣುಮಗಳು ರೇಷ್ಮೆ ಕಾರ್ಖಾನೆಯ ಕೆಲಸಗಾರರನ್ನು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೆ ಒಂದೊಂದು ಕಾಸು ಕೂಡಿಸಿದಳು. 1822ರಲ್ಲಿ ಅದೇ ಮಿಷನ್‌ಗಳಿಗೆ ನೆರವಾಗುವ ಸಂಘವಾಯಿತು. ನಮ್ಮ ಗುಂಪಿನಲ್ಲಿ ತಲೆಗೆ ವಾರಕ್ಕೆ 25 ರೂಪಾಯಿ. ಲಕೋಟೆ ಮೇಲೆ ‘ಇಂಥದ್ದಕ್ಕೆ’ ಅಂತ ಬರೆಯುವ ಹಾಗಿಲ್ಲ, ಯಾವುದಕ್ಕೆ ಬೇಕೋ ಅದಕ್ಕೆ ಬಳಸಲಿ ಅಂತಲೇ ಕೊಡಬೇಕು.

ಎರಡನೆಯ ಗುಂಪು ಕಟ್ಟುತ್ತಿರುವವರು ನಮ್ಮ ಬೀದಿಯ ಹೋಟೆಲಿನ ಶೆಟ್ಟರು. ಕುಂದಾಪುರದವರು, ಚರ್ಚಿಗೂ ಅವರಿಗೂ ಸಂಬಂಧ ಇಲ್ಲ. ಲಕೋಟೆಯ ಕಥೆ ಕೇಳಿ, “ಸಿಸ್ಟರ್, ಗ್ಯಾಸ್ ಸಿಲಿಂಡರಿಗೆ ಇಟ್ಟ ದುಡ್ಡಲ್ಲಿ ನಾನೂ ತರಕಾರಿ ತರೋದಿಲ್ಲ” ಅಂದರು. ಸಪ್ಲೈಯರ್ ಹುಡುಗರನ್ನೂ ಸೇರಿಸಿ ಒಂಬತ್ತು ಜನ ಆಗಿದ್ದಾರೆ. ಹತ್ತನೆಯವರು ಯಾರು ಅಂತ ದಿನಾ ಕಾಫಿ ಕೊಡುವಾಗ ನನ್ನನ್ನೇ ಕೇಳುತ್ತಾರೆ.