ಮೊದಲ ಬೈಕ್: ಎರಡೂ ಕಾಲು ನೆಲಕ್ಕೆ ಊರುವವರೆಗೆ

ಸೆಪ್ಟೆಂಬರ್ 7, 2025

ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ಅಪ್ಪ ಮದುವೆಗೆ ಮುಂಚೆ ಕೊಂಡದ್ದು. ಇದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಗಾಡಿ ಮಾತ್ರ ಇಂದಿಗೂ ಎರಡನೇ ಒದೆತಕ್ಕೆ ಎದ್ದು ಕೂರುತ್ತದೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ಇಟ್ಟುಕೊಂಡವರೆಲ್ಲ ಒಂದೆಡೆ ಸೇರುತ್ತಾರೆ. ಈ ಸಲ ನಾನೂ ಅಪ್ಪನ ಹಿಂದೆ ಕುಳಿತು ಹೋಗಿದ್ದೆ. ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಮೂವತ್ತಮೂರು ವರ್ಷವಾಯಿತು, ಹಿಂದಿನ ಸೀಟಿನಲ್ಲಿ ಕುಳಿತದ್ದು ಸಾಕು.

ಯೆಜ್ಡಿಯಲ್ಲೇ ಕಲಿಯುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ, ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಅಲ್ಲ. ಎಡಗಡೆ ಇರುವ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಕೆಳಗಿಳಿಸಿದರೆ ಗೇರ್. ಮುಂದೆ ಹಿಂದೆ ಎರಡೂ ಕಡೆ ಡ್ರಮ್ ಬ್ರೇಕ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. "ಪುಟ್ಟಿ, ಇದರಲ್ಲಿ ಕಲಿತರೆ ಇದೊಂದನ್ನೇ ಓಡಿಸಲು ಬರುತ್ತದೆ. ಮೊದಲು ಬೇರೆ ಯಾವುದರಲ್ಲಾದರೂ ಕೈ ಕಾಲು ಪಳಗಲಿ. ಇದು ಎಲ್ಲಿಗೂ ಹೋಗುವುದಿಲ್ಲ" ಎಂದರು. ಆ ಮಾತು ಸರಿ ಅನ್ನಿಸಿತು.

ಹಾಗಾಗಿ ಇಂದಿನಿಂದ ಈ ದಾಖಲೆ. ಹತ್ತು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದೇನೆ. ಗೇರ್ ಇರುವ ಗಾಡಿಯನ್ನು ಮುಟ್ಟಿಲ್ಲ. ನನ್ನ ಪರವಾನಗಿಯೂ ಗೇರ್ ಇಲ್ಲದ ದ್ವಿಚಕ್ರ ವಾಹನದ್ದೇ. ಸ್ಕೂಟರ್ ಲೈಸೆನ್ಸ್ ಇದ್ದರೆ ಬೈಕಿಗೂ ಆಗುತ್ತದೆ ಎಂದು ನನ್ನ ಶಾಲೆಯ ಇಬ್ಬರು ಸಹೋದ್ಯೋಗಿಗಳು ನಂಬಿದ್ದರು. ಆಗುವುದಿಲ್ಲ. ಹೊಸದಾಗಿ ಎಲ್‌ಎಲ್‌ಆರ್ (ಕಲಿಯುವವರ ಪರವಾನಗಿ) ಮಾಡಿಸಬೇಕು, ಮೂವತ್ತು ದಿನ ಕಳೆದ ಮೇಲೆ, ಆರು ತಿಂಗಳೊಳಗೆ ಪರೀಕ್ಷೆ ಕೊಡಬೇಕು.

ಸೆಪ್ಟೆಂಬರ್ 14

ನಾನು ಗಣಿತದ ಟೀಚರ್. ಯಾವ ಬೈಕ್ ಚೆನ್ನ ಎಂದು ಹತ್ತು ಜನರನ್ನು ಕೇಳುವ ಮುಂಚೆ ನನ್ನನ್ನೇ ಅಳೆದುಕೊಂಡೆ. ಎತ್ತರ 157 ಸೆಂಟಿಮೀಟರ್. ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕ ಸಿಕ್ಕಿಸಿ, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿದರೆ ಕಾಲಿನ ಒಳ ಅಳತೆ ಸಿಗುತ್ತದೆ. ನನ್ನದು 72. ಶೂ ಹಾಕಿದರೆ ಇನ್ನೊಂದು ಮೂರು.

ಆಮೇಲೆ ಕಂಪನಿಗಳು ಕೊಡುವ ಸೀಟಿನ ಎತ್ತರ ಮತ್ತು ತೂಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಸ್ಪ್ಲೆಂಡರ್ ಪ್ಲಸ್ 785 ಮಿಲಿಮೀಟರ್, 112 ಕಿಲೋ. ರೈಡರ್ 125 ಗಾಡಿ 780, 123 ಕಿಲೋ. ಯಮಹಾ ಎಫ್‌ಜೆಡ್ 790, 135 ಕಿಲೋ. ಹಂಟರ್ 350 ಕೂಡ 790, ಆದರೆ 181 ಕಿಲೋ. ಮೀಟಿಯರ್ 350 ಎಲ್ಲಕ್ಕಿಂತ ತಗ್ಗು, 765, ತೂಕ ಮಾತ್ರ 191.

ಹಾಳೆ ನೋಡಿದರೆ ಒಂದೂ ನನ್ನ ಕಾಲಿಗೆ ಎಟಕುವುದಿಲ್ಲ. ಮನಸ್ಸು ಸ್ವಲ್ಪ ಕುಗ್ಗಿತು. ಅಪ್ಪ ನಕ್ಕು, ಕುಳಿತಾಗ ಸ್ಪ್ರಿಂಗ್ ಇಳಿಯುವುದನ್ನು ನಿನ್ನ ಹಾಳೆಯಲ್ಲಿ ಎಲ್ಲಿ ಬರೆದಿದ್ದೀಯ ಎಂದರು. ಮುಂದಿನ ವಾರ ಶೋರೂಮ್.

ಸೆಪ್ಟೆಂಬರ್ 28

ಇದೇ 22ರಿಂದ 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದೇ ದಿನ ದಸರಾ ಕೂಡ ಶುರು. ಶೋರೂಮುಗಳಲ್ಲಿ ಕಾಲಿಡಲು ಜಾಗವಿಲ್ಲ. ಆದರೂ ಮೂರು ಕಡೆ ಹೋಗಿ ಆರು ಗಾಡಿಗಳ ಮೇಲೆ ಕುಳಿತು ಬಂದೆ.

ಹಾಳೆಯಲ್ಲಿ ಕಾಣದ ಸಂಗತಿ ಎಂದರೆ ಸೀಟಿನ ಅಗಲ. ಎರಡು ಗಾಡಿಗಳ ಸೀಟು ಒಂದೇ ಎತ್ತರದಲ್ಲಿದ್ದರೂ, ಒಂದರ ಸೀಟು ಟ್ಯಾಂಕಿನ ಹತ್ತಿರ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿ ಹಿಮ್ಮಡಿ ಮೇಲೇಳುತ್ತದೆ. ಮುಂಭಾಗ ಸಣ್ಣಗೆ ಕಡೆದಂತಿದ್ದರೆ ಕಾಲು ನೇರ ಕೆಳಗಿಳಿಯುತ್ತದೆ. ಎಫ್‌ಜೆಡ್ ಮೇಲೆ ಕುಳಿತಾಗ ನನ್ನ ಎರಡೂ ಪಾದಗಳ ಮುಂಭಾಗ ಪೂರ್ತಿ ನೆಲಕ್ಕೆ ಊರಿತು. ಅದಕ್ಕಿಂತ ತಗ್ಗೆಂದು ಬರೆದುಕೊಂಡಿದ್ದ ಇನ್ನೊಂದರಲ್ಲಿ ಬೆರಳ ತುದಿಯಲ್ಲಿ ನಿಲ್ಲಬೇಕಾಯಿತು.

ಮೀಟಿಯರ್‌ನಲ್ಲಿ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಕೂತಿತು. ಆಹಾ ಎನ್ನಿಸಿತು. ಸೈಡ್ ಸ್ಟ್ಯಾಂಡಿನಿಂದ ನೇರಕ್ಕೆ ಎತ್ತುವಾಗ ಮಾತ್ರ ಸೊಂಟಕ್ಕೆ ತಿಳಿಯಿತು 191 ಎಂದರೇನೆಂದು. ಪಕ್ಕದಲ್ಲಿದ್ದ ಹುಡುಗ ಹಿಂದಿನಿಂದ ಹಿಡಿದುಕೊಂಡ. ಆ ಗಾಡಿಯ ಮೇಲೆ ನನಗೆ ಈಗಲೂ ಪ್ರೀತಿ ಇದೆ.

ಇನ್ನೊಂದು ವಿಚಾರ ತಲೆಯಲ್ಲಿ ಕೊರೆಯುತ್ತಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯ, ಅದರೊಳಗಿನವಕ್ಕೆ ಎರಡೂ ಬ್ರೇಕ್ ಕೂಡಿ ಹಿಡಿಯುವ ಸಿಬಿಎಸ್ ಸಾಕು. ನಾನು ಹೊಸಬಳು. ಏನಾದರೂ ಅಡ್ಡ ಬಂದರೆ ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಹಿಂಡಿಬಿಡುತ್ತೇನೆ ಎಂದು ನನಗೇ ಗೊತ್ತು. ಆ ಹೊತ್ತಿನಲ್ಲಿ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವುದು ಎಬಿಎಸ್. ಎಷ್ಟು ವೇಗ, ಎಷ್ಟು ಮೈಲೇಜ್ ಎಂಬುದಕ್ಕಿಂತ ಇದು ನನಗೆ ಮುಖ್ಯ. ಹಾಗೆಂದು ತೀರ್ಮಾನಿಸಿದೆ: 150 ಸಿಸಿಯ ಆಸುಪಾಸು, ಎಬಿಎಸ್ ಇರಲೇಬೇಕು, 140 ಕಿಲೋ ಮೀರಬಾರದು.

ಹೆಲ್ಮೆಟ್ ಮಾತ್ರ ಇಂದೇ ಕೊಂಡೆ. ಹುಬ್ಬಿನ ಮೇಲೆ ಸುತ್ತಳತೆ 56. ಐಎಸ್‌ಐ ಗುರುತು, ಪೂರ್ತಿ ಮುಖ ಮುಚ್ಚುವಂಥದ್ದು. ಕೆನ್ನೆ ಒತ್ತುತ್ತದೆ, ಒತ್ತಬೇಕು ಕೂಡ.

ಅಕ್ಟೋಬರ್ 12

ಎಲ್‌ಎಲ್‌ಆರ್ ಬಂದು ಹತ್ತು ದಿನವಾಯಿತು. ಎದುರು ಮನೆಯ ಅಣ್ಣ ಸ್ಪ್ಲೆಂಡರ್ ಕೊಟ್ಟು ತಾವೇ ಕಲಿಸುತ್ತಿದ್ದಾರೆ. ವರ್ತುಲ ರಸ್ತೆಯ ಆಚೆ ಇನ್ನೂ ಮನೆಗಳೇಳದ ಒಂದು ಬಡಾವಣೆ ಇದೆ. ಡಾಂಬರು ಹಾಕಿದ ಖಾಲಿ ಅಡ್ಡರಸ್ತೆಗಳು, ಒಂದೆರಡು ಹಸುಗಳು. ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತೇವೆ.

ಮೊದಲ ದಿನ ಅವರು ಆಕ್ಸಿಲೇಟರ್ ಮುಟ್ಟಲು ಬಿಡಲಿಲ್ಲ. ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತ ಹೋಗು ಎಂದರು. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತುಸು ಭಾರವಾಯಿತು, ಮುಂದಿನ ಚಕ್ರ ಹಗ್ಗ ಕಟ್ಟಿ ಎಳೆದಂತೆ ಮೆಲ್ಲಗೆ ಜಗ್ಗಿತು. "ಅದೇ ಜಾಗ. ಅಲ್ಲೇ ಬೆರಳು ನಿಲ್ಲಿಸು." ಮತ್ತೆ ಹಿಡಿ, ಮತ್ತೆ ಬಿಡು. ಒಂದು ಗಂಟೆ ಅದೊಂದೇ. ಸಂಜೆ ಸೀಮೆಸುಣ್ಣ ಹಿಡಿದರೆ ಎಡಗೈ ನಡುಗುತ್ತಿತ್ತು (ನಾನು ಎಡಚಿ). ಆದರೆ ಆ ಜಾಗ ಈಗ ಬೆರಳಿಗೆ ಗೊತ್ತು. ಇಂದು ಇಪ್ಪತ್ತು ಸಲ ಹೊರಟು ಇಪ್ಪತ್ತು ಸಲ ನಿಲ್ಲಿಸಿದೆ, ಎರಡೇ ಸಲ ಎಂಜಿನ್ ಆಫ್ ಆಯಿತು.

ಅಕ್ಟೋಬರ್ 19

ಬಿದ್ದೆ. ಪೂರ್ತಿ ಬರೆಯುತ್ತೇನೆ, ಕಲಿಯುವವರಿಗೆ ಉಪಯೋಗವಾದೀತು.

ಅಣ್ಣನ ಗೆಳೆಯರೊಬ್ಬರು 350 ಸಿಸಿಯ ಭಾರಿ ಬೈಕ್ ತಂದಿದ್ದರು. ಒಂದು ಸುತ್ತು ಹೋಗಿ ಎಂದರು. ನೇರ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ, ಸ್ಪ್ಲೆಂಡರ್‌ಗಿಂತ ನೆಟ್ಟಗೆ ಸಾಗಿತು. ಕೊನೆಯಲ್ಲಿ ತಿರುಗಿಸಿಕೊಂಡು ಬರಬೇಕಿತ್ತು. ನಡಿಗೆಯ ವೇಗ, ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿತ್ತು. ಹಸುವೊಂದು ತಲೆ ಎತ್ತಿ ಒಂದು ಹೆಜ್ಜೆ ಇಟ್ಟಿತು. ನಾನು ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿಯ ಭಾರವೆಲ್ಲ ತಿರುಗಿದ ಕಡೆಗೇ ವಾಲುತ್ತದೆ. ಬಲಗಾಲು ಊರಿದೆ, ತಡೆಯಲಾಗಲಿಲ್ಲ. ಗಾಡಿ ಮಲಗಿತು. ಕಾಲನ್ನು ಸಕಾಲಕ್ಕೆ ತೆಗೆದುಕೊಂಡೆ. ಮೊಣಕೈ ತರಚಿತು, ಬ್ರೇಕ್ ಲಿವರಿನ ತುದಿ ಬಾಗಿತು. ಲಿವರ್ ನಾನೇ ಹಾಕಿಸಿಕೊಟ್ಟೆ.

ಎತ್ತುವುದನ್ನು ಆ ಗೆಳೆಯರು ಅಲ್ಲೇ ಹೇಳಿಕೊಟ್ಟರು. ಎಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಡಬೇಕು, ಆಗ ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಇಳಿಸಿಡಬೇಕು. ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಕುಂಡಿ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕಿಡುತ್ತ ಹೋಗಬೇಕು. ಮೂರನೇ ಪ್ರಯತ್ನಕ್ಕೆ ಅರ್ಧ ಎತ್ತಿದೆ, ಉಳಿದದ್ದು ಅವರು. ಸ್ಪ್ಲೆಂಡರನ್ನು ಮೆಲ್ಲಗೆ ಮಲಗಿಸಿ ಅದನ್ನೂ ಎತ್ತಿ ನೋಡಿದೆ. ಒಬ್ಬಳೇ ಎತ್ತಿದೆ.

ಅಲ್ಲಿಗೆ ನನ್ನ ಹಾಳೆಗೆ ಒಂದು ಹೊಸ ಸಾಲು ಸೇರಿತು: ಮಲಗಿದ ಗಾಡಿಯನ್ನು ಯಾರೂ ಇಲ್ಲದ ಕಡೆ ನಾನೊಬ್ಬಳೇ ಎತ್ತಬಲ್ಲೆನೇ? ಮತ್ತೊಂದೂ ಖಚಿತವಾಯಿತು, ಹೊಸ ಗಾಡಿ ಬೇಡ. ನಾನು ಇನ್ನೂ ಬೀಳುತ್ತೇನೆ. ಅದು ಸೆಕೆಂಡ್ ಹ್ಯಾಂಡ್ ಗಾಡಿಯ ಮೇಲೆಯೇ ಆಗಲಿ. ಜಿಎಸ್‌ಟಿ ಇಳಿದ ಖುಷಿಯನ್ನು ಬೇರೆಯವರು ಅನುಭವಿಸಲಿ.

ನವೆಂಬರ್ 2

ನನ್ನ ಲೆಕ್ಕಕ್ಕೆ ಒಪ್ಪಿದ್ದು ಎಫ್‌ಜೆಡ್. ಸೆಕೆಂಡ್ ಹ್ಯಾಂಡ್ ಮೂರು ನೋಡಿದೆ. ಜೊತೆಗೆ ಅಪ್ಪನ ಯೆಜ್ಡಿ ನೋಡಿಕೊಳ್ಳುವ ಮೇಸ್ತ್ರಿ ಬಂದಿದ್ದರು. ಅವರಿಗೆ ಅರವತ್ತು ದಾಟಿದೆ, ಕನ್ನಡಕ ತೆಗೆದು ಬೆರಳಿನಲ್ಲೇ ಗಾಡಿ ನೋಡುತ್ತಾರೆ.

ಮೊದಲನೆಯದರ ಮಾರಾಟಗಾರ ನಾವು ಬರುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದ. ಮೇಸ್ತ್ರಿ ಎಂಜಿನ್ನಿನ ಹತ್ತಿರ ಅಂಗೈ ಹಿಡಿದು, "ಮೇಡಂ, ನಡೆಯಿರಿ" ಎಂದರು. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ, ಮೊದಲ ಹೊಗೆ ಯಾವ ಬಣ್ಣ ಎಂದು ನೋಡದೆ ಗಾಡಿ ಕೊಳ್ಳಬಾರದಂತೆ. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ.

ಎರಡನೆಯದು ನೋಡಲು ಫಳಫಳ. ಮೀಟರಿನಲ್ಲಿ 11 ಸಾವಿರ ಕಿಲೋಮೀಟರ್. ಮೇಸ್ತ್ರಿ ನನ್ನನ್ನು ಕೂರಿಸಿ ಮೂರು ಜಾಗ ತೋರಿಸಿದರು. ಗೇರ್ ಲಿವರಿನ ರಬ್ಬರಿನ ಗೀರುಗಳೆಲ್ಲ ಸವೆದು ಹುಣಸೆ ಬೀಜದಂತೆ ನುಣುಪಾಗಿದ್ದವು. ಫುಟ್‌ರೆಸ್ಟ್ ಒಂದು ಕಡೆ ತೆಳ್ಳಗಾಗಿತ್ತು. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಗಾಲಿ) ಹಲ್ಲುಗಳು ಒಂದೇ ದಿಕ್ಕಿಗೆ ಕೊಕ್ಕೆಯಂತೆ ಬಾಗಿದ್ದವು. 11 ಸಾವಿರಕ್ಕೆ ಇಷ್ಟು ಸವೆಯುವುದಿಲ್ಲ. ಅಲ್ಲಿಯೂ ಕೈ ಮುಗಿದು ಬಂದೆವು. ಇಂಥ ಮೋಸ ಕಂಡಾಗ ನನಗೆ ಸಿಟ್ಟು ಬರುತ್ತದೆ. ಕಲಿಯುವವರು ಮೀಟರಿನ ಅಂಕಿಯನ್ನೇ ನಂಬಿ ಜೀವ ಇಡುತ್ತಾರೆ.

ಮೂರನೆಯದು 2021ರ ಮಾದರಿ, ಬೂದು ಬಣ್ಣ, 18,400 ಕಿಲೋಮೀಟರ್. ಕಾಲೇಜು ಮುಗಿಸಿ ಬೇರೆ ಊರಿಗೆ ಹೊರಟಿರುವ ಹುಡುಗನದು. ತಣ್ಣನೆಯ ಎಂಜಿನ್, ಒಂದೇ ಒತ್ತಿಗೆ ಎದ್ದಿತು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಗೆ ಟಿಶ್ಯೂ ಸುತ್ತಿ ಒರೆಸಿದರೆ ಆಯಿಲ್ ಹತ್ತಲಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರಲ್ಲಿ 1421, ಅಂದರೆ 2021ರ ಹದಿನಾಲ್ಕನೇ ವಾರದ್ದು. ಗಾಡಿಯ ಜೊತೆಗೇ ಬಂದ ಟೈರು, ನಾಲ್ಕೂವರೆ ವರ್ಷ ಹಳತು, ಬೇಗ ಬದಲಾಯಿಸಬೇಕು. ಚಾಸಿ ನಂಬರ್ ಆರ್‌ಸಿಯಲ್ಲಿದ್ದಂತೆಯೇ ಇತ್ತು. ಸಾಲ ತೀರಿದೆ. ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಹಾಗೇ ಇದೆ. ಅದನ್ನು ಫಾರಂ 35 ಕೊಟ್ಟು ತೆಗೆಸಿದ ಮೇಲೆಯೇ ದುಡ್ಡು ಎಂದೆ. ಹುಡುಗ ಒಪ್ಪಿದ.

ನವೆಂಬರ್ 16

72 ಸಾವಿರಕ್ಕೆ ಮಾತಾಯಿತು. ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿ ವರ್ಗಾವಣೆಗೆ ಕೊಟ್ಟೆವು. ವಿಮೆಯನ್ನೂ ನನ್ನ ಹೆಸರಿಗೆ ಬರೆಸಲು ಅರ್ಜಿ ಹಾಕಿದೆ, ಅದನ್ನು ಮರೆಯುವವರೇ ಹೆಚ್ಚು. ಹಿಂದಿನ ಟೈರು ಹೊಸದು, ಚೈನ್ ಸ್ಪ್ರಾಕೆಟ್ ಹೊಸದು.

ಬಡಾವಣೆಯಲ್ಲಿ ಮೊದಲ ದಿನವೇ ಎಡವಟ್ಟು. ಸ್ಪ್ಲೆಂಡರ್‌ನಲ್ಲಿ ಎಲ್ಲ ಗೇರೂ ಮುಂದಕ್ಕೆ ಒತ್ತುವುದು. ಎಫ್‌ಜೆಡ್‌ನಲ್ಲಿ ಒಂದು ಕೆಳಗೆ, ನಾಲ್ಕು ಮೇಲೆ. ಸೆಕೆಂಡಿನಲ್ಲಿ ಹೋಗುತ್ತಿದ್ದವಳು ಮೂರನೆಯದಕ್ಕೆಂದು ಅಭ್ಯಾಸಬಲದಿಂದ ಒತ್ತಿದೆ. ಗೇರ್ ಫಸ್ಟಿಗೆ ಇಳಿದು ಎಂಜಿನ್ ಕಿರುಚಿತು, ಎದೆ ಟ್ಯಾಂಕಿಗೆ ಬಡಿಯುವಷ್ಟು ಜಗ್ಗಿತು. ನಿಲ್ಲಿಸಿ, ಎಂಜಿನ್ ಆರಿಸಿ, ಕಣ್ಣು ಮುಚ್ಚಿ ಐವತ್ತು ಸಲ ಎಡಗಾಲಿನ ಮೇಲ್ಭಾಗದಿಂದ ಲಿವರನ್ನು ಎತ್ತುವುದನ್ನು ಮಾಡಿದೆ.

ಸಂಜೆ ಹುಲ್ಲಿನ ಮೇಲೆ ಮಲಗಿಸಿ ಎತ್ತಿದೆ. ಎರಡನೇ ಸಲಕ್ಕೆ ಬಂತು. ಅಪ್ಪ ದೂರ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ.

ನವೆಂಬರ್ 26

ಪರೀಕ್ಷೆ ಪಾಸು. ಎಂಟರ ಆಕಾರದಲ್ಲಿ ಕಾಲೂರದೆ ಬರಬೇಕು. ಹಿಂದಿನ ಬ್ರೇಕನ್ನು ತುಸು ಒತ್ತಿಟ್ಟು, ಕ್ಲಚ್ಚನ್ನು ಆ ಜಗ್ಗುವ ಜಾಗದಲ್ಲೇ ಹಿಡಿದು, ಕಣ್ಣನ್ನು ಚಕ್ರದ ಮುಂದಲ್ಲ, ಮುಂದಿನ ತಿರುವಿನ ಮೇಲೆ ಇಟ್ಟೆ.

ಡಿಸೆಂಬರ್ 7

ಬೆಳಿಗ್ಗೆ ಆರೂವರೆಗೆ ಚಾಮುಂಡಿ ಬೆಟ್ಟ. ಮುಂದೆ ಅಪ್ಪನ ಯೆಜ್ಡಿ, ಹಿಂದೆ ನಾನು. ಮಂಜು ಇನ್ನೂ ಹರಿದಿರಲಿಲ್ಲ.

ಒಂದು ಏರಿನಲ್ಲಿ ಬಸ್ಸು ತಿರುವಿಕೊಳ್ಳಲೆಂದು ಎಲ್ಲರೂ ನಿಲ್ಲಬೇಕಾಯಿತು. ಏರಿನಲ್ಲಿ ಬಲಗಾಲು ಹಿಂದಿನ ಬ್ರೇಕಿನ ಮೇಲಿರಬೇಕು, ಗಾಡಿಯ ಭಾರವೆಲ್ಲ ಎಡಗಾಲಿನ ಮೇಲೆ. ಶೋರೂಮಿನಲ್ಲಿ ಎರಡೂ ಕಾಲು ಊರಿ ನೋಡಿದ್ದೆ, ಇಲ್ಲಿ ಬೇಕಾದದ್ದು ಒಂದೇ ಕಾಲು. ಅದು ಊರಿತು, ನಿಂತಿತು. ಹಿಂದೆ ಕಾರು ಹಾರ್ನ್ ಹೊಡೆಯಿತು. ಕ್ಲಚ್ ಬಿಟ್ಟೆ, ಸದ್ದು ಭಾರವಾಯಿತು, ತುಸು ಆಕ್ಸಿಲೇಟರ್ ಕೊಟ್ಟೆ, ಬ್ರೇಕ್ ಬಿಟ್ಟೆ. ಒಂದಿಂಚೂ ಹಿಂದೆ ಜಾರದೆ ಹೊರಟಿತು.

ಮೇಲೆ ಅಪ್ಪ ಯೆಜ್ಡಿ ಸ್ಟ್ಯಾಂಡಿಗೆ ಹಾಕಿ ಚಹಾ ಹೇಳಿದ್ದರು. ಲೋಟ ಕೈಗೆ ಕೊಟ್ಟು, ಯೆಜ್ಡಿಯ ಕೀಲಿಯನ್ನು ನನ್ನ ಹೆಲ್ಮೆಟ್ಟಿನೊಳಗೆ ಹಾಕಿದರು. "ಇಳಿಯುವಾಗ ಅಲ್ಲ. ಮುಂದಿನ ಭಾನುವಾರ, ಬಡಾವಣೆಯಲ್ಲಿ" ಎಂದರು.

ಮೀಟರ್: 18,912. ಚೈನಿಗೆ ಆಯಿಲ್ ಹಾಕಬೇಕು. ಎಡ ಕನ್ನಡಿ ಸಡಿಲವಾಗಿದೆ.